ಅಲರ್ಜಿ ಟೆಸ್ಟ್: ಮೊದಲೇನು ಮಾಡಬೇಕು, ಆಮೇಲೇನು?

ಮಗುವಿಗೆ ಮೊಣಕೈ ಮಡಿಕೆಯಲ್ಲಿ ಇಸುಬು, ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ರಾತ್ರಿ ಕೆಮ್ಮು. ಇಸುಬಿಗೆ ಚರ್ಮದ ಡಾಕ್ಟರು, ಸೀನಿಗೆ ಇಎನ್‌ಟಿ, ಕೆಮ್ಮಿಗೆ ಮಕ್ಕಳ ಡಾಕ್ಟರು ಅಂತ ಮೂರು ಫೈಲ್ ಹಿಡಿದು ಓಡಾಡುವವರೇ ಜಾಸ್ತಿ. ಮೂರಕ್ಕೂ ಮೂಲ ಒಂದೇ ಇರಬಹುದು, ಅಲರ್ಜಿ. ಹಾಗಾಗಿ ಮೊದಲು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ: ಯಾವುದು ಯಾವಾಗ ಶುರುವಾಯಿತು, ಯಾವ ತಿಂಗಳಲ್ಲಿ ಜಾಸ್ತಿ, ಮನೆಯೊಳಗೋ ಹೊರಗೋ, ಅಪ್ಪ ಅಮ್ಮನಿಗೂ ಇದೆಯಾ. ದೊಡ್ಡವರೂ ಬರೆಯಿರಿ. ಉಬ್ಬಸ ಇರುವ ಬಹಳಷ್ಟು ಜನರಿಗೆ ಮೂಗಿನ ಅಲರ್ಜಿಯೂ ಇರುತ್ತದೆ, ಆದರೆ 'ಅದು ಸುಮ್ನೆ ನೆಗಡಿ' ಅಂತ ಡಾಕ್ಟರಿಗೆ ಹೇಳುವುದೇ ಇಲ್ಲ.

ಡಾಕ್ಟರು ಸ್ಕಿನ್ ಪ್ರಿಕ್ ಟೆಸ್ಟ್ (ಚರ್ಮಕ್ಕೆ ಮೆಲ್ಲಗೆ ಚುಚ್ಚಿ ಅಲರ್ಜಿ ನೋಡುವ ಪರೀಕ್ಷೆ) ಬರೆದುಕೊಟ್ಟರೆ ಸೆಟ್ರಿಜಿನ್ ತರಹದ ಅಲರ್ಜಿ ಗುಳಿಗೆಗಳನ್ನು ಅವರನ್ನು ಕೇಳಿಕೊಂಡು ನಿಲ್ಲಿಸಬೇಕು, ಸಾಮಾನ್ಯವಾಗಿ 5-7 ದಿನ ಮುಂಚೆ. ನೆಗಡಿಯ ಸಿರಪ್‌ನಲ್ಲೂ ಅಂಥ ಔಷಧಿ ಇರುತ್ತದೆ, ಬಾಟಲಿ ತೋರಿಸಿಯೇ ಕೇಳಿ. ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ. ಗುಳಿಗೆ ಬಿಡಲು ಆಗದಿದ್ದರೆ, ಇಲ್ಲವೇ ಮೈತುಂಬ ಇಸುಬಿದ್ದರೆ, ರಕ್ತದಲ್ಲಿ ಐಜಿಇ (ಅಲರ್ಜಿಯಲ್ಲಿ ದೇಹ ತಯಾರಿಸುವ ಪ್ರತಿಕಾಯ) ನೋಡುವ ಪರೀಕ್ಷೆ ಇದೆ.

ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಅಲರ್ಜಿ ತರುವ ಒಂದೊಂದು ವಸ್ತುವಿನ ಸಾರದ ಹನಿ ಇಡುತ್ತಾರೆ. ಧೂಳುಹುಳ, ಜಿರಳೆ, ಬೂಷ್ಟು, ಕಾಂಗ್ರೆಸ್ ಗಿಡದ ಪರಾಗ, ಹೀಗೆ. ಆ ಹನಿಯ ಮೇಲೇ ಸಣ್ಣ ಮೊನೆಯಿಂದ ಮೆಲ್ಲಗೆ ಚುಚ್ಚುತ್ತಾರೆ. ಜೊತೆಗೆ ಹೋಲಿಸಿ ನೋಡಲು ಒಂದು ಹನಿ ಹಿಸ್ಟಮಿನ್ (ಚರ್ಮ ಉಬ್ಬಿಸುವ ರಾಸಾಯನಿಕ), ಒಂದು ಹನಿ ಬರೀ ಉಪ್ಪುನೀರು. ಆಮೇಲೆ 15-20 ನಿಮಿಷ ಕೆರೆದುಕೊಳ್ಳದೆ ಕೂರಬೇಕು (ಮಕ್ಕಳಿಗೆ ಚುಚ್ಚುವುದಕ್ಕಿಂತ ಇದೇ ಕಷ್ಟ). ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೆ. ಉಪ್ಪುನೀರಿನ ಜಾಗಕ್ಕಿಂತ 3 ಮಿ.ಮೀ. ಅಥವಾ ಅದಕ್ಕೂ ಜಾಸ್ತಿ ಉಬ್ಬಿದರೆ ಪಾಸಿಟಿವ್. ಹಿಸ್ಟಮಿನ್ ಜಾಗವೇ ಉಬ್ಬದಿದ್ದರೆ? ಟೆಸ್ಟ್ ಲೆಕ್ಕಕ್ಕಿಲ್ಲ, ಯಾವುದೋ ಗುಳಿಗೆ ಇನ್ನೂ ಮೈಯಲ್ಲಿರಬಹುದು.

ಎಲ್ಲರೂ ಎಡವುವುದು ರಿಪೋರ್ಟ್ ಓದುವಾಗ. ಪಾಸಿಟಿವ್ ಅಂದರೆ ದೇಹ ಆ ವಸ್ತುವಿಗೆ ಐಜಿಇ ತಯಾರಿಸಿಕೊಂಡಿದೆ, ಅಷ್ಟೆ. ಅದರಿಂದ ನಿಮಗೆ ತೊಂದರೆ ಆಗಲೇಬೇಕೆಂದಿಲ್ಲ. ಕಡಲೆಕಾಯಿ ಪಾಸಿಟಿವ್ ಬಂದ ಮಗು ದಿನಾ ಶೇಂಗಾ ಚಟ್ನಿ ತಿಂದು ಆರಾಮಾಗಿದೆ ಅಂದರೆ, ಡಾಕ್ಟರು ಹೇಳದೆ ಬಿಡಿಸಬೇಡಿ. ಇಸುಬಿರುವ ಮಕ್ಕಳಿಗೆ ತಿನ್ನುತ್ತಿದ್ದುದನ್ನು ಸುಮ್ಮನೆ ಬಿಡಿಸಿದರೆ ಮುಂದೆ ನಿಜವಾದ ಅಲರ್ಜಿಯೇ ಬರುವ ಅಪಾಯವಿದೆ. ಈಗ ನಿಮ್ಮ ಹಾಳೆ ತೆಗೆದು ರಿಪೋರ್ಟ್ ಪಕ್ಕ ಇಡಿ. ಎರಡೂ ಹೊಂದಿದ್ದನ್ನಷ್ಟೇ ನಂಬಿ. ಇನ್ನು ನೂರಾರು ತಿಂಡಿಗೆ ಐಜಿಜಿ (ಐಜಿಇ ಅಲ್ಲ, ಬೇರೊಂದು ಪ್ರತಿಕಾಯ) ನೋಡುವ ಪ್ಯಾಕೇಜ್ ಮಾರುತ್ತಾರಲ್ಲ, ಅದು ದುಡ್ಡು ದಂಡ. ಅಲರ್ಜಿ ಪತ್ತೆಗೆ ಅದು ಬರುವುದಿಲ್ಲ.

ಧೂಳುಹುಳವೇ ಅಂತ ಗೊತ್ತಾದರೆ ಹಾಸಿಗೆಯಿಂದ ಶುರು ಮಾಡಿ. ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ ಒಗೆಯಿರಿ, ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿನ ಸ್ಪ್ರೇ ಕೊಟ್ಟಿದ್ದರೆ ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿ, ಆಗ ಔಷಧಿ ನಡುಗೋಡೆಗೆ ಬಡಿಯದೆ ಹೊರಗಿನ ಕಡೆ ಹೋಗುತ್ತದೆ. ಉಬ್ಬಸ ಇರುವವರು ಮೂಗಿನ ಔಷಧಿಯನ್ನು ಅರ್ಧಕ್ಕೆ ಬಿಡಬಾರದು. ಇಷ್ಟಾದರೂ ಹತೋಟಿಗೆ ಬರದಿದ್ದರೆ ಆಗ ಇಮ್ಯುನೊಥೆರಪಿ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವುದು) ಬಗ್ಗೆ ಕೇಳಿ. ಅದು ಸಾಮಾನ್ಯವಾಗಿ 3 ವರ್ಷದ ಚಿಕಿತ್ಸೆ, ಉಬ್ಬಸ ಹತೋಟಿಯಲ್ಲಿ ಇಲ್ಲದಿದ್ದಾಗ ಶುರು ಮಾಡುವುದಿಲ್ಲ.