ಗರಗಸ, ಲೇಸರ್ ಮತ್ತು ಆಡಿನ ಮೂಳೆ

ಮುಂಬಯಿಯ ಮಾಟುಂಗಾದ ನನ್ನ ದಂತ ಚಿಕಿತ್ಸಾಲಯಕ್ಕೆ, ಬೆಳಕಿನಿಂದಲೇ ಮೂಳೆ ಕೊಯ್ಯುವ ಎರ್ಬಿಯಂ ಲೇಸರ್ ಬಂದ ಮೊದಲ ವಾರ ಅದನ್ನು ಯಾರ ದವಡೆಗೂ ಹಿಡಿಯಲಿಲ್ಲ. ಸಹಾಯಕನನ್ನು ಕಳುಹಿಸಿ ಆಡಿನ ತೊಡೆಮೂಳೆ ತರಿಸಿದೆ. ಡಾಕ್ಟರಿಗೆ ಸೂಪು ಬೇಕಂತೆಯೇ ಎಂದು ಅಂಗಡಿಯವನು ವಿಚಾರಿಸಿದನಂತೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ!

ಮೊದಲು ಪುಟ್ಟ ಗರಗಸದಿಂದ ಸೀಳಿದೆ. ತಂಪು ಸಲೈನ್ ಹರಿಯುತ್ತಿರುವಷ್ಟು ಹೊತ್ತು ಎಲ್ಲವೂ ಸರಿಯಿತ್ತು. ಬೇಕೆಂದೇ ನಳಿಕೆಯನ್ನು ಪಕ್ಕಕ್ಕೆ ಸರಿಸಿದ್ದೇ ತಡ, ಕೂದಲು ಸುಟ್ಟ ವಾಸನೆ ಬಂತು, ಅಂಚು ಕಂದಾಯಿತು. ಭೂತಗನ್ನಡಿ ಹಿಡಿದರೆ ಮೂಳೆಯ ಸಣ್ಣ ರಂಧ್ರಗಳಿಗೆಲ್ಲ ಹಿಟ್ಟಿನಂಥ ಪುಡಿ ಮೆತ್ತಿತ್ತು. ಲೇಸರಿನದು ಒಗ್ಗರಣೆಯ ಸಾಸಿವೆಯ ಸದ್ದು. ಗರಗಸ ಕೆಲವೇ ಸೆಕೆಂಡುಗಳಲ್ಲಿ ಮುಗಿಸಿದ್ದಕ್ಕೆ ಇದು ನಾಲ್ಕು ನಿಮಿಷ ತೆಗೆದುಕೊಂಡಿತು. ಅಂಚು ಮಾತ್ರ ಸುಣ್ಣದ ಬಿಳುಪು, ಪುಡಿ ಮೆತ್ತಿರಲಿಲ್ಲ.

2940 ನ್ಯಾನೋಮೀಟರ್ ತರಂಗಾಂತರದ ಆ ಬೆಳಕನ್ನು ನೀರು ಗಬಕ್ಕನೆ ಹೀರಿಕೊಳ್ಳುತ್ತದೆ. ಮೂಳೆಯೊಳಗಿನ ನೀರು ಆವಿಯಾಗಿ ಸಿಡಿಯುವಾಗ ಮೂಳೆಯ ಕಣವೂ ಹಾರುತ್ತದೆ, ಶಾಖದ ಬಹುಪಾಲು ಅದರೊಂದಿಗೇ ಹೋಗುತ್ತದೆ. ಹಳಬರಿಗೆ ಲೇಸರ್ ಎಂದರೆ ಅನುಮಾನ ಇರುವುದು ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದಾಗಿ. ಅದು ಮೂಳೆಯನ್ನು ಕರಿಕಾಗಿಸುತ್ತಿತ್ತು, ಆ ಕರಿಕು ಕರಗುವವರೆಗೆ ಹೊಸ ಮೂಳೆ ಕಾಯಬೇಕಿತ್ತು. ಶಾಖದ ವಿಷಯದಲ್ಲಿ ಮೂಳೆ ಬಲು ನಾಜೂಕು: 47 ಡಿಗ್ರಿ ಸೆಲ್ಸಿಯಸ್ ಒಂದೇ ನಿಮಿಷ ತಗುಲಿದರೂ ಕೂಡಿಕೊಳ್ಳುವ ಶಕ್ತಿ ಕುಂದುತ್ತದೆ ಎಂದು 1983ರಲ್ಲೇ ಸ್ವೀಡನ್ನಿನ ಸಂಶೋಧಕರು ಮೊಲಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಹೀಗಾಗಿ ಗರಗಸವನ್ನು ಬೈಯುವ ಮೊದಲು ಸಲೈನ್ ಹಿಡಿದವರನ್ನು ವಿಚಾರಿಸಬೇಕು.

ಮೊದಲ ರೋಗಿ ಕುಂದಾಪುರ ಕಡೆಯ ಹೋಟೆಲ್ ಮ್ಯಾನೇಜರ್. ಬುದ್ಧಿಹಲ್ಲು ಮೂಳೆಯಲ್ಲಿ ಹೂತುಹೋಗಿತ್ತು.

"ಲೇಸರ್ ಎಂದರೆ ನೋವೇ ಇಲ್ಲವಂತೆ, ಹೌದಾ ಡಾಕ್ಟರೇ?"

"ಇಂಜೆಕ್ಷನ್ ತಪ್ಪುವುದಿಲ್ಲ ಭಟ್ಟರೇ."

ಹಲ್ಲಿನ ಮೇಲಿನ ಮೂಳೆಯನ್ನು ಲೇಸರಿನಿಂದಲೇ ತೆರೆದೆ. ನರದ ಹತ್ತಿರ ಬರುತ್ತಲೇ ನಿಲ್ಲಿಸಿದೆ. ಬರ್ ಎಂಬ ತಿರುಗುವ ಕೊರೆಮೊನೆ ಹಿಡಿದಾಗ ಹೊರಗಿನ ಗಟ್ಟಿ ಪದರ ಮುಗಿದು ಒಳಗಿನ ಮೆತ್ತನೆಯದು ಶುರುವಾದದ್ದು ಬೆರಳಿಗೇ ತಿಳಿಯುತ್ತದೆ. ಲೇಸರ್ ಮೂಳೆಯನ್ನು ಮುಟ್ಟುವುದೇ ಇಲ್ಲ, ಕೈಗೆ ಆಳ ತಿಳಿಯುವುದು ಹೇಗೆ? ಉಳಿದದ್ದನ್ನು ಬರ್‌ನಿಂದ, ಧಾರಾಳ ಸಲೈನ್ ಬಿಟ್ಟು, ನಿಧಾನವಾಗಿ ಮುಗಿಸಿದೆ.

ಮೂರನೆಯ ದಿನ ಕೆನ್ನೆ ಎಲ್ಲರಿಗೂ ಊದುವಷ್ಟೇ ಊದಿತ್ತು. ಎರ್ಬಿಯಂ ಕೊಯ್ದ ಅಂಚಿನಲ್ಲಿ ಹೊಸ ಮೂಳೆ ಬರ್ ಅಥವಾ ಗರಗಸದ ಅಂಚಿನಷ್ಟೇ ಚೆನ್ನಾಗಿ, ಕೆಲವೊಮ್ಮೆ ಬೇಗನೆ ಬರುತ್ತದೆ ಎಂದು ಪ್ರಾಣಿಗಳ ಮೇಲಿನ ಹಲವು ಪ್ರಯೋಗಗಳು ಹೇಳುತ್ತವೆ. ಆ ವ್ಯತ್ಯಾಸವೆಲ್ಲ ಮೊದಲ ವಾರಗಳದ್ದು, ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದು. ನನ್ನ ಕೈಯಲ್ಲಿದ್ದದ್ದು ಎಕ್ಸ್‌ರೇ. ಮೂರು ತಿಂಗಳಿಗೆ ಹಲ್ಲು ತೆಗೆದ ಗುಳಿ ಅಂಚಿನಿಂದ ತುಂಬುತ್ತ ಬಂದಿತ್ತು. ಬರೀ ಬರ್ ಬಳಸಿದವರದ್ದೂ ಹಾಗೇ ತುಂಬುತ್ತದೆ. ಕಸಿಗಾಗಿ ದೊಡ್ಡ ತುಂಡು ಮೂಳೆ ತೆಗೆಯಬೇಕಾದಾಗ ನಾನು ಈಗಲೂ ಗರಗಸವನ್ನೇ ಹಿಡಿಯುತ್ತೇನೆ.

ಭಟ್ಟರಿಗೆ ಎಕ್ಸ್‌ರೇ ತೋರಿಸಿ ಇದನ್ನೆಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿ, ಚಕ್ಕುಲಿ ತಿನ್ನಬಹುದೇ ಎಂದರು.