ಬಣ್ಣ ನಿಮ್ಮಿಂದ ಶುರುವಾಗಲಿ

ದಸರಾ ಕಳೆದರೆ ಮಂಗಳೂರು, ಉಡುಪಿ ಕಡೆ ಪೇಂಟರುಗಳಿಗೆ ಪುರುಸೊತ್ತೇ ಇರುವುದಿಲ್ಲ. ಆ ಗಡಿಬಿಡಿಯಲ್ಲಿ ಹೆಚ್ಚಿನವರು ಅಂಗಡಿಗೆ ಹೋಗಿ, ಈ ವರ್ಷ ಯಾವುದು ಜಾಸ್ತಿ ಹೋಗುತ್ತಿದೆ ಎಂದು ಕೇಳಿ ಅದನ್ನೇ ಬಳಿಸುತ್ತಾರೆ. ಮಂಗಳೂರಿನ ಬಿಜೈಯ ಫ್ಲ್ಯಾಟೂ ಮಣಿಪಾಲದ ಫ್ಲ್ಯಾಟೂ ಒಂದೇ ಥರ ಕಾಣುವುದು ಇದರಿಂದಲೇ. ಅಲ್ಲಿ ಯಾರಿದ್ದಾರೆ ಎನ್ನುವುದು ಗೋಡೆ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು ಕಪಾಟು ತೆರೆಯಿರಿ

ಅಂಗಡಿಯವರು ಕೊಡುವ ಬಣ್ಣದ ಮಾದರಿಗಳ ಶೇಡ್ ಕಾರ್ಡ್ ಆಮೇಲೆ. ಪದೇ ಪದೇ ಉಡುವ ಸೀರೆ, ಹಾಕುವ ಅಂಗಿ, ಬಿಸಾಡಲು ಮನಸ್ಸು ಬಾರದ ಹಳೆ ಬೆಡ್‌ಶೀಟು, ಎಲ್ಲವನ್ನೂ ಮಂಚದ ಮೇಲೆ ಹರಡಿ. ಎರಡು ಮೂರು ಬಣ್ಣಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಯಾರೂ ಹೇಳಿಕೊಡದೆ ನೀವೇ ಆರಿಸಿಕೊಂಡ ಬಣ್ಣಗಳು ಅವು. ಮನೆಯಲ್ಲಿ ಇರುವ ಎಲ್ಲರೂ ಇದನ್ನು ಮಾಡಲಿ, ಮಕ್ಕಳೂ ಸಹ.

ಎಷ್ಟು ಬಣ್ಣ, ಎಲ್ಲಿ ಎನ್ನುವುದಕ್ಕೆ ಉಡುಪಿ ಕೈಮಗ್ಗದ ಸೀರೆಯನ್ನೇ ನೋಡಿ. ಮೈಯಲ್ಲಿ ಹಿತವಾದ ಬಣ್ಣ, ಸಣ್ಣ ಚೌಕುಳಿ, ಗಾಢ ಬಣ್ಣ ಅಂಚಿಗೆ. ಕೋಣೆಗೂ ಇದು ಒಪ್ಪುತ್ತದೆ. ಸುಮಾರು 60 ಭಾಗ ಗೋಡೆಯ ತಿಳಿ ಬಣ್ಣ, 30 ಭಾಗ ಪರದೆ ಮತ್ತು ಸೋಫಾ, ಉಳಿದ 10 ಭಾಗ ನಿಮಗೆ ತುಂಬ ಇಷ್ಟವಾದ ಗಾಢ ಬಣ್ಣ.

ಕೋಣೆ ಯಾರದು?

ಹಳದಿ ಎಂದರೆ ಖುಷಿ, ನೀಲಿ ಎಂದರೆ ಶಾಂತಿ ಎಂಬ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಆ ಕೋಣೆಯಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಿಕೊಳ್ಳುವುದು ಮೇಲು. ನೆಂಟರು ಬಂದರೆ ಸಂಭ್ರಮಪಡುವವರ ಚಾವಡಿಗೆ ಮಾಗಿದ ಗೇರುಹಣ್ಣಿನ ಹಳದಿ ಚಂದ. ಒಬ್ಬರೇ ಕೂತು ಓದುವವರಿಗೆ ಬೂದು ಬೆರೆತ ಹಸಿರು ಹಿತ. ಹಿರಿಯರ ಕೋಣೆಯಲ್ಲಿ ಒಂದು ವಿಷಯ ಮರೆಯಬೇಡಿ. ಗೋಡೆ, ಬಾಗಿಲು, ಸ್ವಿಚ್ ಬೋರ್ಡು ಎಲ್ಲ ಬಿಳಿಯಾದರೆ ಮಂದ ಕಣ್ಣಿಗೆ ಯಾವುದೂ ಬೇರೆಯಾಗಿ ಕಾಣುವುದಿಲ್ಲ. ಬಾಗಿಲಿನ ದಾರಂದವಾದರೂ ಗಾಢವಾಗಿರಲಿ.

ನಮ್ಮೂರಿನ ಬೆಳಕು

ಕಾರ್ಡಿನಲ್ಲಿ ಒಪ್ಪಿದ ಬಣ್ಣ ಗೋಡೆಗೆ ಬಂದ ಮೇಲೆ ಬೇರೆಯಾಗುವುದು ಬೆಳಕಿನಿಂದ. ಕಿಟಕಿಯಾಚೆ ಅಡಿಕೆ, ತೆಂಗು ಇದ್ದರೆ ಒಳಗೆ ಬರುವ ಬೆಳಕಿಗೇ ಹಸಿರು ಛಾಯೆ ಇರುತ್ತದೆ. ಅಲ್ಲಿ ಅಚ್ಚ ಬಿಳಿ ಸಪ್ಪೆಯಾಗಿ ಕಾಣುತ್ತದೆ. ಕೆನೆ ಬಣ್ಣ ಅಥವಾ ಗೋಧಿ ಬಣ್ಣ ಅದನ್ನು ಸರಿದೂಗಿಸುತ್ತದೆ. ಪಡುವಣ ಕಿಟಕಿಯ ಕೋಣೆಗೆ ಸಂಜೆ ಬಿಸಿಲು ನೇರ ಬೀಳುತ್ತದೆ. ಕಿತ್ತಳೆ, ಕೆಂಪು ಬಳಿದರೆ ಆ ಹೊತ್ತು ಕಣ್ಣಿಗೆ ಸೆಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಕೋಣೆ ಮಂಕಾಗುವುದನ್ನೂ ನೆನಪಿಡಿ. ಮಾರ್ಚ್ ಬಿಸಿಲಲ್ಲಿ ಆರಿಸಿದ ಕಡುಬೂದು ಜುಲೈಯಲ್ಲಿ ಬೇಸರ ತರಿಸಬಹುದು.

ಹಳೆ ಹೆಂಚಿನ ಮನೆಯಲ್ಲಿ ರೆಡ್ ಆಕ್ಸೈಡ್ ನೆಲವಿದ್ದರೆ ನೀವು ಪುಣ್ಯವಂತರು. ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಆ ಕೆಂಪು ಗೋಡೆಯ ಬುಡಕ್ಕೂ ಪ್ರತಿಫಲಿಸುತ್ತದೆ. ಸುಣ್ಣದ ಬಿಳಿ, ತಿಳಿ ಹಸಿರು, ನಸು ಹಳದಿ ಅದಕ್ಕೆ ಹೊಂದುತ್ತವೆ. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ರ ಇರುವ ನಮ್ಮ ಕರಾವಳಿಯ ಹಳೆ ದೇವಸ್ಥಾನಗಳಲ್ಲಿ ಈ ಜೋಡಿ ಎಷ್ಟು ಕಳೆ ಕೊಡುತ್ತದೆ ನೋಡಿ.

ಡಬ್ಬಿ ಕೊಳ್ಳುವ ಮುಂಚೆ

ಸಣ್ಣ ಸ್ಯಾಂಪಲ್ ಡಬ್ಬಿ ತಂದು, ಬಿಳಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳಲೇಪ) ಮೇಲೆ ಎರಡಡಿ ಚೌಕದಷ್ಟು ಎರಡು ಕೋಟು ಬಳಿಯಿರಿ. ಕಿಟಕಿ ಎದುರಿನ ಗೋಡೆಗೆ ಒಂದು, ಪಕ್ಕದ ಗೋಡೆಗೆ ಒಂದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. 6500 ಕೆಲ್ವಿನ್‌ನ ಬಿಳಿ ಬಲ್ಬಿಗೂ 3000 ಕೆಲ್ವಿನ್‌ನ ಹಳದಿ ಬಲ್ಬಿಗೂ ಅದೇ ಬಣ್ಣ ಬೇರೆಯೇ ಕಾಣುತ್ತದೆ. ಇಡೀ ಗೋಡೆಗೆ ಬಳಿದಾಗ ಬಣ್ಣ ಇನ್ನೂ ಗಾಢ ಅನಿಸುತ್ತದೆ. ಹಾಗಾಗಿ ಅನುಮಾನವಿದ್ದರೆ ಒಂದು ಹೆಜ್ಜೆ ತಿಳಿ ಶೇಡ್ ತಗೊಳ್ಳಿ.

ಗೋಡೆ ಒಣಗಿದೆಯಾ ಎನ್ನುವುದೂ ಮುಖ್ಯ. ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಟೇಪಿನಿಂದ ನಾಲ್ಕೂ ಬದಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಗೆ ನೀರಿನ ಹನಿ ಕಂಡರೆ ಇನ್ನೂ ಕಾಯಬೇಕು. ಅವಸರ ಮಾಡಿದರೆ ಬಣ್ಣ ಉಬ್ಬಿ ಏಳುತ್ತದೆ, ಬಿಳಿ ಉಪ್ಪಿನ ಕಲೆ ಬರುತ್ತದೆ. ಗಾಢ ಬಣ್ಣದಲ್ಲಿ ಆ ಕಲೆ ಎದ್ದು ಕಾಣುತ್ತದೆ. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೆ ಗಾಢ ಬಣ್ಣ ಬೇಡವೇ ಬೇಡ.

ಬಾಡಿಗೆ ಮನೆಯಾದರೆ ಗೋಡೆ ಮುಟ್ಟುವುದು ಕಷ್ಟ, ಅಲ್ವಾ? ಪರದೆ, ದಿಂಬಿನ ಕವರು, ಬೆಡ್‌ಶೀಟುಗಳಲ್ಲೇ ನಿಮ್ಮ ಬಣ್ಣ ತನ್ನಿ. ಅಂಚು ಗಟ್ಟಿಯಿರುವ ಹಳೆ ಹತ್ತಿ ಸೀರೆ ಒಳ್ಳೆ ಪರದೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಅರ್ಧ ಲೀಟರಿನಷ್ಟು ಬಣ್ಣ ಉಳಿಸಿಕೊಳ್ಳಿ. ಶೇಡ್ ನಂಬರು, ಬಳಿದ ತಿಂಗಳು, ಕೋಣೆಯ ಹೆಸರನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದು, ಮುಚ್ಚಳ ಬಿಗಿಮಾಡಿ ನೆರಳಲ್ಲಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ತೇಪೆ ಹಾಕಲು ಬೇಕಾಗುತ್ತದೆ.