ಹಳೇ ಬೋರ್ಡುಗಳ ಫೋಟೋ: ಮೊದಲು ನನ್ನ ವೆಬ್‌ಸೈಟಿಗೆ, ಆಮೇಲೆ ಇನ್‌ಸ್ಟಾಗೆ

ನಾನು ಅಂಗಡಿ ಬೋರ್ಡುಗಳ ಫೋಟೋ ತೆಗೆಯುವವನು. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ, ಇಷ್ಟೇ ನನ್ನ ಸರಹದ್ದು. ಅದೂ ಪೇಂಟರ್‌ಗಳು ಕೈಯಲ್ಲಿ ಬರೆದ ಕನ್ನಡ ಬೋರ್ಡುಗಳು ಮಾತ್ರ. ಫ್ಲೆಕ್ಸ್ ಬಂದ ಮೇಲೆ ಇವು ಕಡಿಮೆಯಾಗುತ್ತಲೇ ಇದ್ದವು. 2024ರ ಶುರುವಿನಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಎಂದು ಬಿಗಿ ಮಾಡಿದಾಗ ಊರಿನ ಬೋರ್ಡುಗಳೆಲ್ಲ ಒಟ್ಟಿಗೇ ಬದಲಾಗತೊಡಗಿದವು. ಕನ್ನಡ ಜಾಸ್ತಿಯಾದದ್ದು ಖುಷಿಯೇ. ಆದರೆ ಆ ಭರಾಟೆಯಲ್ಲಿ ನನಗೆ ಇಷ್ಟವಾದ ಕೆಲವು ಹಳೇ ಬೋರ್ಡುಗಳೂ ಕೆಳಗಿಳಿದವು. ಆ ದಿನಗಳಲ್ಲಿ ಕ್ಯಾಮೆರಾ ಎತ್ತಿದರೆ ಸಾಕು, ಒಳಗಿಂದ ಪ್ರಶ್ನೆ ಬರುತ್ತಿತ್ತು: "ಏನ್ ಸಾರ್, ಬಿಬಿಎಂಪಿಯವ್ರಾ?" ಇಲ್ಲ ಯಜಮಾನ್ರೇ, ಅಕ್ಷರ ಚೆನ್ನಾಗಿದೆ ಅದಕ್ಕೆ ಎಂದರೆ ಒಂದು ಕ್ಷಣ ನಂಬುತ್ತಿರಲಿಲ್ಲ.

ಇಂಥ ಫೋಟೋಗೆ ಚೆಂದಕ್ಕಿಂತ ಮುಖ್ಯವಾದದ್ದು ಯಾವಾಗ ತೆಗೆದದ್ದು, ಯಾವ ರಸ್ತೆಯಲ್ಲಿ ಎನ್ನುವುದು. ಬೋರ್ಡು ಹೋದ ಮೇಲೆ ಉಳಿಯುವುದು ಅದೇ ಅಲ್ವಾ? ಇನ್‌ಸ್ಟಾಗ್ರಾಮ್‌ಗೆ ಫೋಟೋ ಹಾಕಿದಾಗ ಮೊದಲು ಕಳಚಿ ಹೋಗುವುದೂ ಅದೇ. ಕ್ಯಾಮೆರಾ ಪ್ರತಿ ಫೋಟೋದ ಒಳಗೆ ದಿನ, ಗಂಟೆ, ಲೆನ್ಸು ಇವನ್ನೆಲ್ಲ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ಇನ್‌ಸ್ಟಾದಿಂದ ಇಳಿಸಿಕೊಂಡ ಫೋಟೋದಲ್ಲಿ ಅದು ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ಅಷ್ಟೇ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಫೈಲು ಇದ್ದ ಹಾಗೇ ಹೋಗುತ್ತದೆ. ಇದೊಂದನ್ನು ಗೊತ್ತು ಮಾಡಿಕೊಂಡರೆ ಮನೆಯವರ ಫೋಟೋ ಕಳಿಸುವಾಗಲೂ ಉಪಯೋಗ.

ಇನ್ನು ಸೈಜು. ನನ್ನ ಕ್ಯಾಮೆರಾ ಫೋಟೋ 6000 ಪಿಕ್ಸೆಲ್ ಅಗಲ. ಇನ್‌ಸ್ಟಾ ಬಹಳ ಕಾಲದಿಂದ ತೋರಿಸುತ್ತಿರುವುದು 1080 ಪಿಕ್ಸೆಲ್ ಅಗಲದಲ್ಲಿ. ಮೊಬೈಲ್ ಪರದೆಗೆ ಸಾಕು, ತಕರಾರಿಲ್ಲ. ಆದರೆ ಒಂದು ಸಂಘದ ಸ್ಮರಣ ಸಂಚಿಕೆಯವರು ಫೋಟೋ ಕೇಳಿದಾಗ, "ಇನ್‌ಸ್ಟಾದಿಂದಲೇ ತಗೋತೀವಿ ಬಿಡಿ ಸಾರ್" ಎಂದರು. ಪ್ರೆಸ್ಸಿನವರು ಇಂಚಿಗೆ 300 ಚುಕ್ಕಿ ಕೇಳುತ್ತಾರೆ. 1080 ಪಿಕ್ಸೆಲನ್ನು ಹಾಗೆ ಅಚ್ಚು ಹಾಕಿದರೆ ಮೂರೂವರೆ ಇಂಚು ಚಿಲ್ಲರೆ. ಅಂದರೆ ಪುಟದಲ್ಲಿ ಪೋಸ್ಟ್‌ಕಾರ್ಡಿಗಿಂತಲೂ ಚಿಕ್ಕದು.

ಫೋಟೋ ಇಟ್ಟ ಜಾಲತಾಣವೇ ಮುಚ್ಚಿಹೋಗುವುದು ಇನ್ನೊಂದು ಕಥೆ. ನನ್ನ ವಯಸ್ಸಿನವರಿಗೆ ಆರ್ಕುಟ್ ನೆನಪಿರುತ್ತದೆ. ಅದು ಮುಚ್ಚಿದ್ದು 2014ರಲ್ಲಿ. ಗೂಗಲ್ ಪ್ಲಸ್ 2019ರಲ್ಲಿ. ಫೋಟೋ ಹಂಚುವ ತಾಣ ಫ್ಲಿಕರ್ ಈಗಲೂ ಇದೆ, ಫೋಟೋಗ್ರಾಫರ್‌ಗಳಿಗೆ ಒಳ್ಳೆಯ ಜಾಗ ಎಂದೇ ನನ್ನ ಅಭಿಪ್ರಾಯ. ಆದರೂ 2013ರಲ್ಲಿ ಒಂದು ಟೆರಾಬೈಟ್ ಪುಕ್ಕಟೆ ಎಂದಿದ್ದು, 2018ರಲ್ಲಿ ಕಂಪನಿ ಕೈಬದಲಾಗಿ, 2019ರಿಂದ ಪುಕ್ಕಟೆ ಖಾತೆಗೆ ಸಾವಿರ ಫೋಟೋ ಮಾತ್ರ ಎಂದಾಯಿತು. ಯಾರದೋ ಜಾಗದಲ್ಲಿ ಇಟ್ಟ ಮೇಲೆ ನಿಯಮವೂ ಅವರದೇ.

ಹಾಗಾಗಿ ನನ್ನದೇ ವೆಬ್‌ಸೈಟು ಮಾಡಿದೆ. ನಾನು ಸಾಫ್ಟ್‌ವೇರ್‌ನವನಲ್ಲ, ಬೆಂಗಳೂರಿನಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಹ್ಯೂಗೋ ಎನ್ನುವ ಪುಕ್ಕಟೆ ತಂತ್ರಾಂಶ ಇದೆ. ಒಂದು ಫೋಲ್ಡರ್‌ನಲ್ಲಿ ಫೋಟೋ, ಜೊತೆಗೆ ಒಂದು ಟೆಕ್ಸ್ಟ್ ಫೈಲು ಇಟ್ಟರೆ ಪುಟಗಳನ್ನು ಅದೇ ಕಟ್ಟಿಕೊಡುತ್ತದೆ. ಡೇಟಾಬೇಸ್ ಇಲ್ಲ, ಹಾಗಾಗಿ ಕೆಡುವುದೂ ಕಡಿಮೆ. ಆ ಪುಟಗಳನ್ನು, ಸೈಟುಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಇಟ್ಟಿದ್ದೇನೆ. ದುಡ್ಡು ಹೋಗುವುದು ಡೊಮೇನ್ ಹೆಸರಿಗೆ, ಅಂದರೆ ಸೈಟಿನ ವಿಳಾಸಕ್ಕೆ ಮಾತ್ರ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಗಿಟ್‌ಹಬ್ಬೂ ಯಾರದೋ ಜಾಗವೇ ತಾನೇ ಎಂದು ಕೇಳಬಹುದು. ಹೌದು. ಆದರೆ ಇಡೀ ಸೈಟು ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರು. ನಾಳೆ ಬೇರೆ ಕಡೆ ಇಟ್ಟರೂ ವಿಳಾಸ ಅದೇ ಇರುತ್ತದೆ, ಏಕೆಂದರೆ ಡೊಮೇನ್ ನನ್ನದು.

ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಸೈಟಿಗೆ 1 ಜಿಬಿ ಮಿತಿ. ಮೂಲ ಫೋಟೋ ಹಾಕಿದರೆ ನೂರರ ಸುಮಾರಿಗೇ ತುಂಬಿಹೋಗುತ್ತದೆ. ಅದಕ್ಕೆ ಉದ್ದದ ಬದಿ 2048 ಪಿಕ್ಸೆಲ್‌ಗೆ ಇಳಿಸಿ ಹಾಕುತ್ತೇನೆ. ಮೂಲ ಫೋಟೋಗಳು ಮನೆಯಲ್ಲಿ ಎರಡು ಹಾರ್ಡ್ ಡಿಸ್ಕಿನಲ್ಲಿವೆ. ಸೈಜು ಇಳಿಸುವುದಕ್ಕೆ ಇಮೇಜ್‌ಮ್ಯಾಜಿಕ್ ಎನ್ನುವ ತಂತ್ರಾಂಶ, ಒಂದು ಫೋಲ್ಡರ್ ಪೂರ್ತಿ ಒಂದೇ ಸಾಲಿನ ಆಜ್ಞೆಯಲ್ಲಿ ಮುಗಿಯುತ್ತದೆ. ಒಂದು ಎಚ್ಚರಿಕೆ: ಕ್ಯಾಮೆರಾದಲ್ಲಿ ಬಣ್ಣದ ಸೆಟ್ಟಿಂಗ್ ಅಡೋಬಿ ಆರ್‌ಜಿಬಿ ಇಟ್ಟಿದ್ದರೆ ಫೋಟೋವನ್ನು ಮೊದಲು ವೆಬ್‌ಗೆ ಹೊಂದುವ ಎಸ್‌ಆರ್‌ಜಿಬಿಗೆ ಬದಲಿಸಿ. ಇಲ್ಲದಿದ್ದರೆ ಕೆಲವು ಕಡೆ ಬೋರ್ಡಿನ ಕೆಂಪು ಸಪ್ಪೆಯಾಗಿ ಕಾಣುತ್ತದೆ. ಪೇಂಟರ್ ಹಚ್ಚಿದ ಬಣ್ಣ ಅದಲ್ಲ.

ಫೈಲಿನ ಹೆಸರು ವರ್ಷ, ತಿಂಗಳು, ದಿನ, ಏರಿಯಾ, ಈ ಕ್ರಮದಲ್ಲಿ. ಕನ್ನಡದಲ್ಲೇ ಹೆಸರಿಡುವ ಆಸೆ ಇತ್ತು. ಆದರೆ ಕನ್ನಡ ಅಕ್ಷರದ ಲಿಂಕನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಉದ್ದುದ್ದಕ್ಕೆ ಪರ್ಸೆಂಟ್ ಚಿಹ್ನೆಗಳು ಬರುತ್ತವೆ. ನೋಡಿದವರು ವೈರಸ್ ಎಂದುಕೊಳ್ಳುತ್ತಾರೆ! ಹಾಗಾಗಿ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಬೋರ್ಡಿನ ಮೇಲೆ ಇರುವುದನ್ನು ಪೂರ್ತಿ ಟೈಪ್ ಮಾಡುತ್ತೇನೆ. ಬೇಜಾರಿನ ಕೆಲಸ. ಆದರೆ ಅದರಿಂದಲೇ ಯಾರಾದರೂ ಅಂಗಡಿಯ ಹೆಸರನ್ನು ಕನ್ನಡದಲ್ಲಿ ಹುಡುಕಿದಾಗ ಪುಟ ಸಿಗುತ್ತದೆ. ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಅದನ್ನೇ.

ಫೋಟೋ ತೆಗೆದ ಜಾಗ ತೋರಿಸುವ ಜಿಪಿಎಸ್ ವಿವರವನ್ನು ಮಾತ್ರ ಎಕ್ಸಿಫ್‌ಟೂಲ್ ಎನ್ನುವ ತಂತ್ರಾಂಶದಲ್ಲಿ ತೆಗೆದೇ ಹಾಕುತ್ತೇನೆ. ಬಸವನಗುಡಿಯಲ್ಲಿ ಎಷ್ಟೋ ಅಂಗಡಿಗಳು ಮನೆಯ ಮುಂಭಾಗದಲ್ಲೇ ಇವೆ. ರಸ್ತೆಯ ಹೆಸರು ಸಾಕು, ಬಾಗಿಲ ತನಕ ದಾರಿ ತೋರಿಸಬೇಕಾಗಿಲ್ಲ. ಒಬ್ಬರು ಫೋಟೋದಲ್ಲಿ ತಾವು ಬನಿಯನ್‌ನಲ್ಲಿ ನಿಂತಿದ್ದೇವೆ, ತೆಗೆಯಿರಿ ಎಂದರು. ಸೈಟಿನಿಂದ ಆಗಲೇ ತೆಗೆದೆ. ಅಷ್ಟರಲ್ಲಿ ಯಾರೋ ವಾಟ್ಸಾಪ್‌ನಲ್ಲಿ ಹಂಚಿದ್ದರು. ಅದು ಎಲ್ಲೆಲ್ಲಿ ಸುತ್ತುತ್ತಿದೆಯೋ.

ಸೈಟಿಗೆ ಜನ ಬರುತ್ತಾರಾ? ತಾವಾಗಿ ಬರುವವರು ತುಂಬ ಕಡಿಮೆ. ಇದನ್ನು ಮುಚ್ಚಿಟ್ಟು ಸೈಟ್ ಮಾಡಿ ಎಂದು ಯಾರಿಗೂ ಹೇಳಬಾರದು. ಅದಕ್ಕೇ ಇನ್‌ಸ್ಟಾ ಬಿಟ್ಟಿಲ್ಲ. ಮೊದಲು ಸೈಟಿನಲ್ಲಿ ಪುಟ ಮಾಡಿ, ಆಮೇಲೆ ಅದರಲ್ಲಿನ ಒಂದೆರಡು ಫೋಟೋವನ್ನು ಅಲ್ಲಿ ಹಾಕುತ್ತೇನೆ. ಅಲ್ಲಿ ಫೋಟೋದ ಕೆಳಗಿನ ಬರಹದಲ್ಲಿ ಲಿಂಕ್ ಒತ್ತಲು ಆಗುವುದಿಲ್ಲ, ಪ್ರೊಫೈಲ್‌ನಲ್ಲಿ ಇಡಬೇಕು. ವಾಟ್ಸಾಪ್ ಗುಂಪುಗಳಿಗಾದರೆ ಲಿಂಕನ್ನೇ ಕಳಿಸುತ್ತೇನೆ. ಖಾತೆ ಇಲ್ಲದ ಹಿರಿಯರೂ ನೋಡಬಹುದು, ಲಾಗಿನ್ ಕೇಳುವುದಿಲ್ಲ. ಅನುಮಾನ ಪಡುವ ಅಂಗಡಿಯವರಿಗೆ ಫೋನಿನಲ್ಲಿ ಸೈಟ್ ತೆರೆದು ತೋರಿಸುವುದೂ ಸುಲಭ. ಪಕ್ಕದ ಬೀದಿಯ ಬೋರ್ಡು ಕಂಡರೆ ಸಾಕು, ಮಾತು ಶುರುವಾಗುತ್ತದೆ.

ಎಲ್ಲವನ್ನೂ ಸೈಟಿಗೆ ಹಾಕುವುದಿಲ್ಲ. ಟಬೂಬಿಯಾ ಹೂ ಬಿಟ್ಟಾಗ ಇಡೀ ಊರೇ ಫೋಟೋ ತೆಗೆಯುತ್ತದೆ, ನಾನೂ ತೆಗೆಯುತ್ತೇನೆ. ಅದು ಸುಮ್ನೆ ಖುಷಿಗೆ, ನೇರ ಇನ್‌ಸ್ಟಾಗೆ. ಕಡಲೆಕಾಯಿ ಪರಿಷೆಯ ಫೋಟೋಗಳೂ ಅಷ್ಟೇ. ಕೆಲವು ಬೋರ್ಡಿನ ಫೋಟೋಗಳನ್ನು ವಿಕಿಪೀಡಿಯಕ್ಕೆ ಫೋಟೋ ಒದಗಿಸುವ ವಿಕಿಮೀಡಿಯ ಕಾಮನ್ಸ್‌ಗೂ ಕೊಟ್ಟಿದ್ದೇನೆ. ಅಲ್ಲಿ ಕೊಟ್ಟರೆ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು. ಅದಕ್ಕೆ ಮನಸ್ಸು ಒಪ್ಪಿದ ಫೋಟೋ ಮಾತ್ರ ಕೊಡಬೇಕು.

ಇನ್‌ಸ್ಟಾದಿಂದ ನನಗೆ ಸಿಕ್ಕ ದೊಡ್ಡ ಲಾಭ ಕಾಮೆಂಟುಗಳು. "ಇದು ನಮ್ಮ ತಾತನ ಅಂಗಡಿ", "ಇಲ್ಲಿ ಮೊದಲು ಸೈಕಲ್ ಶಾಪ್ ಇತ್ತು" ಎಂದು ಬರೆಯುತ್ತಾರೆ. ಅವರಿಗೆ ಮೆಸೇಜ್ ಮಾಡಿ, ಇದನ್ನು ಸೈಟಿನಲ್ಲಿ ಹಾಕಲೇ, ಹೆಸರು ಬರೆಯಲೇ ಬೇಡವೇ ಎಂದು ಕೇಳುತ್ತೇನೆ. ಒಪ್ಪಿದರೆ ಆ ಬೋರ್ಡಿನ ಪುಟಕ್ಕೆ ಸೇರಿಸುತ್ತೇನೆ. ಪೇಂಟರ್‌ಗಳು ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ತಮ್ಮ ಹೆಸರು ಬರೆದಿರುತ್ತಾರೆ. ಅದನ್ನೂ ಟ್ಯಾಗ್ ಮಾಡತೊಡಗಿದ ಮೇಲೆ, ಚಾಮರಾಜಪೇಟೆಯ ಒಂದು ದಿನಸಿ ಅಂಗಡಿಯ ಬೋರ್ಡೂ ಮಲ್ಲೇಶ್ವರದ ಒಂದು ಟೈಲರ್ ಅಂಗಡಿಯ ಬೋರ್ಡೂ ಒಂದೇ ಕೈಯವು ಎಂದು ಗೊತ್ತಾಯಿತು. ಈಗ ಪೇಂಟರ್ ಪ್ರಕಾರ ವಿಂಗಡಿಸಿದ ಒಂದು ಪುಟ ಮಾಡುತ್ತಿದ್ದೇನೆ. ಮೂಲೆಯ ಹೆಸರು ಅಳಿಸಿಹೋದ ಬೋರ್ಡುಗಳನ್ನು ಸದ್ಯಕ್ಕೆ ಬೇರೆ ಇಟ್ಟಿದ್ದೇನೆ.